ಎಡಗಡಿ ಕಿಸೆ

ಹುಮನಾಬಾದಿನ್ಯಾಗ ನಾ ಅಳತಿ ತಗೊಳ್ಳಾರದ
ಹೆಣ್ಮಕ್ಕಳು ಕಡಿಮಿ.
ಯಾರ ತೋಳು ದಪ್ಪ, ಯಾರ ಬೆನ್ನು ಬಾಗ್ಯಾದ,
ಯಾರು ಹೊಟ್ಟಿ ಒಳಗ ಎಳಕೊಂಡು ನಿಲ್ತಾರ,
ಎಲ್ಲ ನನ್ನ ವಹಿಯೊಳಗ ಅದ.
ನನ್ನ ಅಳತಿ ಮಾತ್ರ ಬರದಿದ್ದಿಲ್ಲ.
ಕಲಬುರಗಿ ದವಾಖಾನಿಯೊಳಗ
ಸಣ್ಣ ವಯಸ್ಸಿನ ಡಾಕ್ಟರಬಾಯಿ ಬರದಳು:
ಎಡಗಡಿ, ನಾಲ್ಕು ಸೆಂಟಿಮೀಟರ್.
ನಾ ಇಂಚಿನ್ಯಾಗ ಲೆಕ್ಕ ಹಾಕಿದೆ.
ಒಂದೂವರಿಗಿ ತುಸು ಹೆಚ್ಚು.
ಒಂದು ಹುಕ್ಕಿನಿಂದ ಇನ್ನೊಂದು ಹುಕ್ಕಿಗಿ
ನಾ ಬಿಡೂ ಅಷ್ಟು ಜಾಗಾ.

ಚರ್ಚಿಗಿ ಹೋಗೂದು ಬಿಟ್ಟು ಆರು ವರ್ಷ.
ದೇವರ ಸಂಗಾಟ ಜಗಳ ಇದ್ದಿಲ್ಲ,
ಸುವಾರ್ತಮ್ಮನ ಸಂಗಾಟ ಇತ್ತು.
ಕ್ರಿಸ್‌ಮಸ್ಸಿಗಿ ಹಾಡೂ ಹುಡುಗ್ಯಾರಿಗಿ
ಹದಿನಾಲ್ಕು ಜಂಪರ್ ಹೊಲದು ಕೊಟ್ಟೆ.
"ಅರಿವಿ ಉಳಿಸ್ಕೊಂಡಾಳ" ಅಂದಳು ಅಕಿ,
ಚರ್ಚಿನ ಪಾವಟಿಗಿ ಮ್ಯಾಲ ನಿಂತು, ಎಲ್ಲಾರ ಮುಂದ.
ಉಳದಿತ್ತು, ಖರೇ ಹೇಳ್ತೀನಿ.
ಒಂದು ದಿಂಬಿನ ಗವಸು ಆತು.
ಆವತ್ತಿನಿಂದ ಐತಾರ ಗಂಟಿ ಬಾರಿಸಿದ್ರ
ನಾ ಮಷಿನ್ ಇನ್ನಷ್ಟು ಜೋರು ತುಳೀತಿದ್ದೆ.

ಖಬರ್ ಹ್ಯಾಂಗ ಹೋತೋ.
ಮೊದಲು ಬಂದಾತ ದೇವದಾನಪ್ಪ, ರಿಟೈರ್ ಆದ ಲೈನ್‌ಮನ್.
ಕಣ್ಣು ಮುಚ್ಚಿದ. ಊರಾಗ ಕರೆಂಟ್ ಹೋದಷ್ಟು ಹೊತ್ತು
ಪ್ರಾರ್ಥನಾ ಮಾಡಿದ.
ಎದಿ ಅನ್ಲಾಕ ಆತಗ ನಾಚಿಕಿ.
"ತಂದೀ, ನಮ್ಮ ತಂಗೀದು ಆ ಭಾಗ,
ಆ ಎಡಗಡಿ ಭಾಗ, ನಿನಗ ಗೊತ್ತೇ ಅದ" ಅಂದ.
ನನಗ ನಗಿ ಬಂತು. ಎಷ್ಟು ದಿನಕ್ಕ!
ಮುಚ್ಚಲಾಕ ಗಟ್ಟಿಯಾಗಿ ಆಮೆನ್ ಅಂದೆ.
ಆತಗ ಭಾಳ ಸಂತೋಷ ಆತು.

ಇಪ್ಪತ್ತೊಂದು ದಿನಕ್ಕೊಮ್ಮಿ ಔಷಧ.
ಮಹಿಳಾ ಸಂಘದವರು ಕ್ಯಾಲೆಂಡರ್ ಹಾಳಿ ಹಿಂದ
ಪಾಳಿ ಬರದರು, ಬಸ್ಸಿನ್ಯಾಗ ನನ್ನ ಸಂಗಾಟ
ಯಾವತ್ತು ಯಾರು ಅಂತ.
ಮೂರನೇ ಪಾಳಿ ಸುವಾರ್ತಮ್ಮಂದು.
ನಸುಕಿನ್ಯಾಗೇ ಬಂದು ಟವಲ್ ಹಾಕಿ ಸೀಟು ಹಿಡದಿದ್ದಳು.
ಮಾತಿಲ್ಲ. ಕಮಲಾಪುರ ತನಕ ಮಾತಿಲ್ಲ.
ಅಲ್ಲಿ ಕೆಂಬಾಳಿಹಣ್ಣಿನಾವ ಕಿಟಕಿಗಿ ಬಂದ.
ಒಂದು ಕೊಂಡಳು, ಸುಲದಳು, ಮುರದು
ಅರ್ಧ ನನ್ನ ಕೈಯಾಗ ಇಟ್ಟಳು.
ಸಂಜೀಕ ತಿರುಗಿ ಬರೂವಾಗ, ಅದೇ ಕಮಲಾಪುರ ದಾಟಿ,
ನಾ ಕಾರಿಕೊಂಡೆ.
ಚೀಲ ಹುಡಕೂದ್ರಾಗ ಅಕಿ ಸೆರಗು ಒಡ್ಡಿದಳು,
ಘಳಿಗಿ ಮುರೀಲಾರದ ಹೊಸಾ ಸೀರಿದು.
"ಅರಿವಿ ಏನ್ ಬಿಡವಾ, ತೊಳದ್ರ ಹೋಗ್ತದ."
ಆರು ವರ್ಷದ ಮಾತು ಅಷ್ಟರಾಗ ಮುಗೀತು.

ಇದಕ್ಕ ನಂಬಿಕಿ ಅಂತಾರೋ ಏನೋ, ನನಗ ತಿಳೀದು.
ಬಾಯಿ ಹುಣ್ಣಾಗಿ ನೀರೂ ಇಳೀಲಾರದ ರಾತ್ರಿ
ದೇವರಿಗಿ ನಾ ಅಂದ ಮಾತು
ಬರದ್ರ ಹಾಳಿ ಸುಡ್ತದ.
ಆತ ಒಂದಕ್ಕೂ ತಿರುಗಿ ಮಾತಾಡಲಿಲ್ಲ.
ಮುಂಜಾನಿ ಹೊಸ್ತಲದಾಗ ಡಬ್ಬಿ ಇತ್ತು,
ತಣ್ಣಂದು ಜೋಳದ ಅಂಬಲಿ.
ಹೆಸರಿದ್ದಿಲ್ಲ. ಮುಚ್ಚಳದ ಸೊಟ್ಟಿ ನೋಡಿ
ಯಾರ ಮನೀದಂತ ಗುರ್ತು ಹಿಡದೆ,
ಗೊತ್ತಿಲ್ಲದವರಂಗ ಕುಡದೆ.

ಆಪರೇಷನ್ ಆದ ಮ್ಯಾಲ ಜಂಪರ್ ಎಡಕ್ಕ ಜೋತು ಬಿತ್ತು.
ಹತ್ತಿ ತುಂಬಿದೆ, ಹಗುರಾಗಿ ಕೊಳ್ಳಿಗಿ ಏರ್ತಿತ್ತು.
ಜೋಳ ತುಂಬಿದೆ, ಚುಚ್ಚಿತು.
ಕಡೀಕ ಸಾಸ್ವಿ.
ಹಳೀ ದಿಂಬಿನ ಗವಸು ಬಿಚ್ಚಿ ಚೀಲ ಹೊಲದೆ,
ಜಂಪರಿನ ಒಳಗ ಎಡಕ್ಕ ಒಂದು ಕಿಸೆ.
ಪಾಸ್ಟರ್ ಒಂದೇ ಕಾಳು ಸಾಕು ಅಂತಾರ.
ನನಗ ಪಾವ್ ಕಿಲೋ ಹಿಡೀತು.

ಈಗ ಐತಾರಕ್ಕೊಮ್ಮಿ ಹೋಗಿ ಜಮಖಾನಿ ಮ್ಯಾಲ ಕೂಡ್ತೀನಿ.
ಮೊಣಕಾಲೂರಿ ಬಾಗಿದ್ರ ಸಾಸ್ವಿ ಸರ್ ಅಂತ ಸರೀತದ,
ಬಾಜೂದಾಕಿಗಿ ಕೇಳಸ್ತದ, ಸುಮ್ಮ ಇರ್ತಾಳ.
ಮುಂದಿನ ಸ್ಕ್ಯಾನ್ ಆಗಸ್ಟಿನ್ಯಾಗ.
ಏನ್ ಬರ್ತದೋ ಬರಲಿ ಅನ್ನೂ ಧೈರ್ಯ
ಒಂದೊಂದು ದಿನ ಇರ್ತದ, ಒಂದೊಂದು ದಿನ ಇಲ್ಲ.

ನಿನ್ನಿ ಚಿಟಗುಪ್ಪಿಯಿಂದ ಒಬ್ಬಾಕಿ ಬಂದಿದ್ದಳು,
ಬುರ್ಖಾ ತಗೀಲಾರದ, ಬಾಗಿಲ್ದಾಗೇ ನಿಂತು.
ಹೆಸರು ಕೇಳಿದೆ. ನೂರುನ್ನೀಸಾ.
"ಬಲಗಡೀದು ಆಪಾ" ಅಂದಳು, ಇನ್ನೇನೂ ಅನ್ನಲಿಲ್ಲ.
ವಹಿಯೊಳಗ ಹೊಸಾ ಹಾಳಿ ತಗದೆ.
ಟೇಪ್ ಕೊಳ್ಳಾಗೇ ಇತ್ತು. ಅಳತಿ ಆಮ್ಯಾಲ.
ಮೊದಲು ಕೇಳಿದೆ:
ಬಸ್ಸಿನ್ಯಾಗ ನಿನ್ನ ಸಂಗಾಟ
ಯಾರು ಬರ್ತಾರವಾ?