ಮೂವತ್ತೇಳನೆಯದು

ಐತವಾರ, ಆರೂವರಿ. ಕನ್ನಾ ಚೌಕದಾಗ ನಾಕು ಮಂದಿ ಕೂಡಿದಿವಿ,
ಐದನೆಯವ ಇಲಾಹಿ, ಎಂದಿನಂಗ ತಡ.
ಯೆಮುಲ್ ಮಾಸ್ತರ ಕಟ್ಟಳೆ ಹಾಕಿದರು:
"ರೀಲಿನ ಕಾಲದಾಗ ಇದ್ದೀವಿ ಅಂತ ತಿಳೀರಿ.
ಒಬ್ಬೊಬ್ಬರಿಗೆ ಮೂವತ್ತಾರು. ಅಳಸಂಗಿಲ್ಲ,
'ಇತ್ತ ನೋಡ್ರಿ' ಅನ್ನಂಗಿಲ್ಲ.
ಬೀದಿ ತಾನಽ ಕೊಟ್ಟದ್ದು ಅಷ್ಟಽ ನಮ್ದು."

ಮೂವತ್ತು ವರ್ಷ ಊರ ಮಂದಿಗೆಲ್ಲ
ಗದ್ದ ಎತ್ತು, ಇಳಸು, ನಗು ಅಂದವರು;
ಸ್ಟುಡಿಯೋ ಮುಚ್ಚಿದ ಮ್ಯಾಲೆ
ಯಾರಿಗೂ ಏನೂ ಹೇಳೂದು ಬ್ಯಾಡಾಗೇದ ಅವರಿಗೆ.

ಮೊದಲ ಹತ್ತು ನಾ ಸುಮ್ಮನಽ ಕಳದೆ.
ರಿಕ್ಷಾದ ಸೀಟಿನ ಮ್ಯಾಲೆ ನಾಯಿ,
ಬಿದಿರಿಗೆ ತೂಗಿದ ನೂಲಿನ ಲಡಿ,
ಅದರಿಂದ ತೊಟ್ಟಿಕ್ಕಿ ಗಟಾರಕ್ಕ ಹರಿಯೂ ಕೆಂಪು.
ಸೊಲ್ಲಾಪುರಕ್ಕ ಬಂದವರೆಲ್ಲ ತಗೀತಾರ. ನಾನೂ ತಗದೆ.

ಪ್ರಾಜಕ್ತಾ ಹಲ್ಲಿನ ಡಾಕ್ಟರ್,
ಬಾಯಿ ಮುಚ್ಚಿಕೊಂಡು ಕುಂತವರನ್ನಽ ಹುಡುಕತಾಳ.
ಹತ್ತೂರೆ ತೊಡಿ ಗಾತ್ರದ ಲೆನ್ಸು ತಂದಾನ,
ಹನ್ನೊಂದರ ತನಕ ಪಾರಿವಾಳದ ಹೊರತು ಏನೂ ಸಿಕ್ಕಿಲ್ಲ.
ಪಾರ್ಸಲ್ ಆಫೀಸಿನ ಗುಮಾಸ್ತ ನಾನು,
ಯಾವುದು ನೋಡಿದರೂ ತೂಕ ಎಷ್ಟಾದೀತು ಅನಸ್ತದ.

ಮಗ್ಗದ ಓಣಿಗೆ ಹೊಕ್ಕ ಕೂಡಲೇ
ಖಟಕ್ ಖಟಕ್‌ದಾಗ ನನ್ನ ಶಟರ್ ನನಗಽ ಕೇಳಿಸಲಿಲ್ಲ.
ಇಲ್ಲಿ ಬೋರ್ಡು ಮರಾಠಿ, ಬೈಗುಳ ತೆಲುಗು,
ಲೆಕ್ಕಕ್ಕ ಬಂದರ ಕೆಲವರು ಕನ್ನಡಕ್ಕ ಇಳೀತಾರ:
ಹೊಸ್ತಿಲ ಮ್ಯಾಲೆ ಮರ ತೊಡೀಗಿ ಇಟಗೊಂಡಾಕಿ
ಬೀಡಿ ಕಟ್ಟು ಎಣಸಾಕ ಹತ್ತಿದ್ಲು,
ನಾಲ್ವತ್ತೊಂದು, ನಾಲ್ವತ್ತೆರಡು.
ನಾನು ಮೂವತ್ತೈದು.

ಎಲಿ ಕತ್ತರಸಿ, ತಂಬಾಕ ಚೆಲ್ಲಿ, ಉರುಳಿಸಿ, ದಾರ ಸುತ್ತಿ,
ಆ ಬೆರಳು ಆಕೀನ್ನ ಕೇಳತಿರಲಿಲ್ಲ.
ಬಗ್ಗಿ, ಉಸುರು ಹಿಡದು, ಒತ್ತಿದೆ.

ತಲಿ ಎತ್ತದಽ ಅಂದ್ಲು:
"ಕೈ ಅಷ್ಟಽ ಯಾಕ? ಮಾರಿ ಇಲ್ಲೇನ ನನಗ?"

ನಾ ಏನ ಹೇಳ್ಲಿ. ಬೆಳಕು ಕೈಮ್ಯಾಲಿತ್ತು ಅನ್ನಲೇನು?

"ಇರೂದು ಒಂದಽ ಫೋಟೋ, ರೇಶನ್ ಕಾರ್ಡಿಂದು.
ಅದು ನಮ್ಮ ನೆಗೆಣ್ಣಿ ಹಂಗ ಕಾಣ್ತದ.
ತಡಿ."
ಒಳಗ ಹೋದ್ಲು.
ನೀರಿನ ಸಪ್ಪಳ. ಟ್ರಂಕು ತೆಗದ ಸಪ್ಪಳ.
ಹೊಸ್ತಿಲ ಮ್ಯಾಲೆ ಕತ್ರಿ, ಅರ್ಧ ಸುತ್ತಿದ ಬೀಡಿ,
ಎದುರಿಗೆ ಒಂದಽ ಫ್ರೇಮು ಉಳದ ನಾನು.
ಕಟ್ಟಳೆ ನೆನಪಿತ್ತು. ಓಡಿಹೋಗಬಹುದಿತ್ತು.

ಹಸರ ಸೀರಿ, ಮಡಿಕಿ ಇನ್ನೂ ಬಿಟ್ಟಿರಲಿಲ್ಲ.
ಕೋರ್ಟಿನ್ಯಾಗ ಸಾಕ್ಷಿ ಹೇಳಾಕ ನಿಂತಂಗ ನಿಂತ್ಲು,
ಎರಡೂ ಕೈ ಸೆರಗಿನೊಳಗ ಮುಚ್ಚಿ.
"ಹೂಂ," ಅಂದ್ಲು. ಒತ್ತಿದೆ.
"ಬಂತೇನ?"
"ಬಂತು."
"ನಿಂಬೆವ್ವ ಅಂತ ಬರಕೋ. ಹುಣಸಿಗಿಡದ ಹಿಂದಿನ ಮನಿ."

ಸಂಜಿಗೆ ಚಹಾದ ಅಂಗಡ್ಯಾಗ ಎಲ್ಲಾರೂ ಪರದೆ ಬೆಳಗಿಸಿದಿವಿ.
ಇಲಾಹಿ ತನ್ನ ಹತ್ತೊಂಬತ್ತನೇದು ತೋರಿಸಿದ,
ಓಣಿಯ ಆ ಕಡಿಯಿಂದ ತಗದದ್ದು:
ಯಾವನೋ ಒಬ್ಬನ ಬಗ್ಗಿದ ಬೆನ್ನು, ಬನೇನು ಹಣಿಕಿಕ್ಕಿದ ಅಂಗಿ,
ಅವನ ಭುಜದ ಮ್ಯಾಲಿಂದ ಹಸರ ಸೀರ್ಯಾಕಿ
ಬಾಯಿತುಂಬ ನಗಾಕ ಹತ್ಯಾಳ.
ಆ ಬೆನ್ನು ನಂದು ಅಂತ ತಿಳಿಯಾಕ ಹೊತ್ತಾತು.

"ಇದು ನೋಡು, ಬೀದಿ ಕೊಟ್ಟದ್ದು," ಅಂದರು ಮಾಸ್ತರ.

ಆಮ್ಯಾಲೆ ನಂದು ನೋಡಿದರು.
ನಟ್ಟಗ ನಿಂತ ನಿಂಬೆವ್ವ. ಎರಡೂ ಕಣ್ಣು ಮುಚ್ಯಾವ.
ಹತ್ತೂರೆ ನಕ್ಕ. "ಕಟ್ಟಳೆ ಮುರದದ್ದಕ್ಕ ದಂಡ."

ಮಾಸ್ತರ ನಗಲಿಲ್ಲ.
ಚಹಾ ಆರಾಕ ಬಿಟ್ಟು, ಗಾಳ್ಯಾಗ ಎರಡು ಬೆರಳು ತಂದು
ಯಾರದೋ ಗದ್ದ ಒಂದೀಟು ಎತ್ತಿದರು,
ಒಂದೀಟು ಎಡಕ್ಕ ಹೊಳ್ಳಿಸಿದರು,
"ಮೂರು ಎಣಸಬೇಕಾಗಿತ್ತು," ಅಂದರು,
"ಎಣಿಸಿದರ ಕಣ್ಣು ತಗೀತಾರ ಮಂದಿ."

ಬಿಲ್ಲು ಕೊಟ್ಟು ಎದ್ದಿವಿ. ಪ್ರಾಜಕ್ತಾಗ ಪೇಶಂಟ್ ಫೋನು.
ಸ್ಕೂಟರಿಗೆ ಕಿಕ್ ಹೊಡೀತಾ ಮಾಸ್ತರ
ನನ್ನ ಮಾರಿ ನೋಡದಽ ಕೇಳಿದರು:
"ಹುಣಸಿಗಿಡದ ಹಿಂದ
ಎಷ್ಟನೇ ಮನಿ ಅಂದ್ಲು?"