ಚೈನ್ ಹಿಡಿದವನ ಮಾತು

ನಿಲ್ರಿ ಮೇಡಮ್ಮಾರ, ಆ ಕಲ್ಲ ಮ್ಯಾಲ ಕುಂಡ್ರಬ್ಯಾಡ್ರಿ.
ಮೊದಲ ಬೂಟಿಲೆ ಒದ್ದು ನೋಡಬೇಕು,
ಆಮ್ಯಾಲ ಕುಂಡ್ರೂದು, ಆಮ್ಯಾಲ ನೀರ ಕುಡಿಯೂದು.
ಗುಳೇದಗುಡ್ಡದ ಈ ಕೆಂಪ ಕಲ್ಲಂದ್ರ ಬರೇ ಕಲ್ಲಲ್ಲ,
ಒಂದೊಂದೂ ಬಾಡಿಗಿ ಮನಿ.

ನಿಮ್ಮ ಹೆಗಲ ಮ್ಯಾಲಿನ ಯಂತ್ರ
ಆಕಾಶದಾಗಿನ ಹನ್ನೆರಡು ಉಪಗ್ರಹದ ಕೂಡ
ಮಾತಾಡತೈತಿ ಅಂದ್ರಿ. ಖರೇ ಇರಬೇಕು.
ನಿಮ್ಮ ಹಿಮ್ಮಡದ ಹಂತ್ಯಾಕ ಏನೈತಿ ಅನ್ನೂದು
ಅದಕ್ಕ ಗೊತ್ತಿಲ್ಲ.

ಇಪ್ಪತ್ತೆಂಟು ವರ್ಸ ಚೈನಿನ ಮುಂದಿನ ತುದಿ ನಂದು.
ಸಾಹೇಬರು ಹಿಂದ, ನಕ್ಷೆ ಹಿಂದ,
ಮುಂದ ಈ ನದಾಫ.
ಯಾವ ಊರ ಮುಳ್ಳಿಗಾದ್ರೂ ಕೇಳ್ರಿ,
ನನ್ನ ಮೊಣಕಾಲಿನ ಗುರುತ ಹೇಳತಾವ.

ಅದು ಹಾಲಗಳ್ಳಿ. ಕುಡಗೋಲು ತಾಗಿದ್ರ ಬೆಳ್ಳಗ ಅಳತೈತಿ,
ಆ ಅಳು ಕಣ್ಣಿಗೆ ಸಿಡೀತಂದ್ರ ನೀವು ಅಳಬೇಕು.
ನನಗ ಸಿಡಿದಾಗ ಇಡೀ ಕೊಡದ ನೀರ ಹೊಯ್ಕೊಂಡೆ,
ಎರಡು ದಿನ ಬಾದಾಮಿ ದವಾಖಾನಿಯೊಳಗ ಪಟ್ಟಿ ಕಟ್ಕೊಂಡು ಮಲಗಿದ್ದೆ.
ಹೆಂಡತಿ ಬಂದದ್ದು ಬಳಿ ಸಪ್ಪಳದ ಮ್ಯಾಲ ತಿಳೀತಿತ್ತು.
ದನಿಯೊಳಗ ಎಷ್ಟು ಅಂಜಿಕಿ ಇಟ್ಕೊಂಡಾಳಂತ
ಕಣ್ಣಿದ್ದಾಗ ನಾ ನೋಡಿರಲಿಲ್ಲ.

ಕುರಿ ಮಲಗಿದ ಜಾಗಾದಾಗ ಬುತ್ತಿ ಬಿಚ್ಚಬ್ಯಾಡ್ರಿ.
ಉಣ್ಣಿ ಹತ್ತತಾವ.
ನಾವು ಉಣ್ಣೂದ್ರೊಳಗ ಅವು ನಮ್ಮನ್ನ ಉಣ್ತಾವ.

ತೋಳು ಇಳಿಸ್ಕೋರಿ. ಬಿಸಿಲಿಗಲ್ಲ,
ಆ ಬಳ್ಳಿ ನೋಡ್ರಿ, ಕಂದು ಬಣ್ಣದ ಕಾಯಿ,
ಬೆಕ್ಕಿನ ಮರಿ ಮೈಯಂಗ ಮೆತ್ತಗ ಕಾಣತೈತಿ.
ನಸುಗುನ್ನಿ.
ಒಮ್ಮೆ ಅಣ್ಣತಮ್ಮರ ಹೊಲದ ಪೋಡಿಗೆ ಹೋದಾಗ
ಸಣ್ಣ ತಮ್ಮ ಅದರ ನವಿರು ತಂದು
ನಮ್ಮ ಚೈನಿಗೆ ಸವರಿಟ್ಟಿದ್ದ.
ಬಳ್ಳಿಗೆ ಆ ಬುದ್ಧಿ ಇರಲಿಲ್ಲ ನೋಡ್ರಿ,
ಅದು ತನ್ನ ಬೀಜ ಕಾಯ್ಕೊಂಡು ನಿಂತಿತ್ತು,
ಇಂವ ಎರಡು ಗುಂಟೆ ಕಾಯಾಕ ಅದನ್ನ ಕೆರದ.
ಮೈತುಂಬ ಸಗಣಿ ಬಳ್ಕೊಂಡು ಕೆರಿ ದಂಡಿ ಮ್ಯಾಲ ಕುಂತಿವಿ
ನಾನೂ, ಸರ್ವೇಯರ್ ಸಾಹೇಬರೂ.
ಅವತ್ತೊಂದು ದಿನ
ಇಬ್ಬರ ಪಗಾರವೂ ಒಂದ ಅನಿಸಿತ್ತು.

ನಗ್ರಿ, ನಗ್ರಿ. ಫಕೀರಪ್ಪನೂ ಹಿಂಗ ನಗತಿದ್ದ.
ಚೈನಿನ ಇನ್ನೊಂದು ತುದಿ ಅವಂದು.
ಗಡಿಕಲ್ಲ ಹುಡುಕಾಕ ಹುಲ್ಲಿನೊಳಗ ಬರಿಗೈ ಹಾಕಿದ.
ಕರಿ ಚೇಳು ದೊಡ್ಡದು, ನೋಡಿದ ಕೂಡ್ಲೆ ಅಂಜಸತೈತಿ.
ಕೆಂಪುದು ಕಿರಿಬೆರಳಿನಷ್ಟ. ಅಂಜಸೂದಿಲ್ಲ.
ಮಂತ್ರ ಹಾಕೋರ ಮನಿಗೆ ಒಯ್ದರು ಮೊದಲ,
ದವಾಖಾನಿಗೆ ಆಮ್ಯಾಲ.
ಆ ಮೊದಲಕ್ಕೂ ಆ ಆಮ್ಯಾಲಕ್ಕೂ ನಡುವ ಎಷ್ಟು ದೂರ ಇತ್ತು ಅಂತ
ನಾವಿಬ್ಬರೂ ಅಳೆದ ಯಾವ ಟಿಪ್ಪಣಿಯೊಳಗೂ ಬರದಿಲ್ಲ.
ಅವತ್ತಿನಿಂದ ಕೈಗಿಂತ ಮುಂದ ಕೋಲು ಹೋಗತೈತಿ ನಂದು.

ಹಾಂ, ಸಿಕ್ಕಿತು. ಇದ ನಿಮ್ಮ ಕಲ್ಲು, ಉರುಳಿ ಬಿದ್ದೈತಿ.
ಸರೀರಿ, ಕೋಲಿಲೆ ಮೀಟತೀನಿ.
ನೋಡಿದ್ರಿ? ಬಾಲ ಎತ್ತೈತಿ,
ಬೆನ್ನ ಮ್ಯಾಲ ಬೆಳ್ಳನ ಮರಿಗೋಳ ಗುಂಪು.
ಫೋಟೋ ಹೊಡಕೋರಿ, ಬಿಂದು ಗುರುತ ಹಾಕ್ರಿ,
ಆಮ್ಯಾಲ ಹೆಂಗಿತ್ತೋ ಹಂಗ ಮೆಲ್ಲಕ ಹೊಳ್ಳಿಸಿ ಇಡೂನು.
ಮ್ಯಾಲಿನವರಿಬ್ಬರೂ ಜಗಳಕ್ಕ ಅರ್ಜಿ ಕೊಟ್ಟಾರ.
ಕೆಳಗಿನಾಕಿ ಕೊಟ್ಟಿಲ್ಲ.

ನಾಳೆ ಬರೂ ಮುಂದ
ಬೂಟು ಝಾಡಿಸಿ ಹಾಕೋರಿ.