ಮರೆ

ಕುತಾಯಿಸಿಯ ಬಿಳಿ ಸೇತುವೆ ದಾಟಿದರೆ ಬೇಕರಿ,
ಅದರ ತಲೆಯ ಮೇಲೆ ನನ್ನ ಅಂಗಡಿ.
ಬೆಳಗಿನ ಹೊತ್ತು ನೆಲ ಬೆಚ್ಚಗಿರುತ್ತದೆ.
ಸತ್ತವರ ಫೋಟೋ ತರುತ್ತಾರೆ ಜನ,
ಗೋರಿಯ ಕರಿಗಲ್ಲಿಗೆ ಹದ ಮಾಡಿಕೊಡು ಎಂದು.
ಮದುವೆಯ ಗುಂಪಿನಿಂದ ಒಬ್ಬರನ್ನೇ ಬಿಡಿಸಿ,
ಹೆಗಲ ಮೇಲಿದ್ದ ಯಾರದೋ ಕೈ ತೆಗೆದು,
ಕೋಟು ತೊಡಿಸಿ, ಗುಂಡಿ ಹಾಕಿ,
ಕಣ್ಣಿಗೆ ಒಂದು ಚುಕ್ಕೆ ಬೆಳಕಿಟ್ಟು ಕಳಿಸುತ್ತೇನೆ.
ತಲೆಗಿಷ್ಟು ಎಂದು ದರ. ಕೋಟು ಬೇಕಾದರೆ ಬೇರೆ.

ಮುರ್ಮಾನ್ ಬಂದದ್ದು ನವೆಂಬರಿನಲ್ಲಿ.
ಟ್ರಾಲಿಬಸ್ ಓಡಿಸಿದವನು,
ತಂತಿಗಳನ್ನೆಲ್ಲ ಇಳಿಸಿ ಮಾರಿದ ಮೇಲೆ ಸುಮ್ಮನೆ ಇದ್ದವನು.
ರೊಟ್ಟಿಯ ಕಾಗದದಲ್ಲಿ ಸುತ್ತಿ ತಂದಿದ್ದ ಒಂದೇ ಫೋಟೋ:
ಹಿತ್ತಲು, ಹಗ್ಗ, ಒಗೆದು ಹಾಕಿದ ದುಪ್ಪಟಿ,
ಗಾಳಿಗೆ ಎದ್ದ ದುಪ್ಪಟಿಯ ಅಂಚಿನಲ್ಲಿ
ಅರ್ಧ ಹೆಂಗಸು.
ಒಂದು ಕಣ್ಣು, ಮುಕ್ಕಾಲು ಮೂಗು, ನಗು ಶುರುವಾಗುವ ಮೂಲೆ.
‘ಲಮ್ಜಿರಾಗೆ ಕ್ಯಾಮೆರಾ ಆಗುತ್ತಿರಲಿಲ್ಲ. ಸಿಕ್ಕಿದ್ದು ಇಷ್ಟು.
ಉಳಿದದ್ದು ನೀನೇ ಹಾಕು, ಮಗಳೇ.’

ಅದೇನು ಮಹಾ, ಅಂದುಕೊಂಡೆ.
ಇದ್ದ ಅರ್ಧವನ್ನೇ ಮಗುಚಿ ಪಕ್ಕಕ್ಕೆ ಅಂಟಿಸಿದೆ.
ತೆರೆಯ ಮೇಲೆ ಯಾರೋ ಬಂದು ಕೂತಳು,
ಎರಡೂ ಕಡೆ ಅದದೇ ನಗು, ನೋಟಿನ ಮೇಲಿನ ರಾಣಿಯ ಹಾಗೆ.
ಮುರ್ಮಾನ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
‘ಇವಳು ಯಾರ ಮನೆಯವಳು?’

ಅನ್‌ಡೂ.
ರಾಣಿ ಹೋದಳು. ದುಪ್ಪಟಿ ಬಂತು.

‘ಆ ಕಡೆ ಏನಿತ್ತು, ಹೇಳು’ ಎಂದೆ.
ಮಚ್ಚೆ, ಹುಬ್ಬು, ಕಿವಿಯೋಲೆ ಹೇಳುತ್ತಾನೆಂದು
ಬ್ರಶ್ ಹಿಡಿದು ಕೂತಿದ್ದರೆ ಅವನು ಹೇಳಿದ್ದು:
ಆ ಕಡೆ ಕೋಳಿಗೂಡು.
ಅದರ ಬಾಗಿಲಿಗೆ ಚಿಲಕದ ಬದಲು ಒಂದು ಚಮಚ.
ದಾಳಿಂಬೆ ಗಿಡ, ಆ ವರ್ಷ ಎರಡೇ ಹಣ್ಣು.
ಬಸ್ಸಿನ ಕೋಲು ತಂತಿ ಬಿಟ್ಟು ಜಾರಿ, ತಿರುವಿನಲ್ಲಿ ನಿಂತುಬಿಟ್ಟರೆ
ಆ ಕಡೆಯಿಂದಲೇ ಬರುತ್ತಿದ್ದಳು, ಬುತ್ತಿ ಹಿಡಿದು.
ಆ ಕಡೆಯ ಕಿವಿ ಕೇಳುತ್ತಿರಲಿಲ್ಲ ಅವಳಿಗೆ.
ಜಗಳವಾಡುವಾಗ ಅದನ್ನೇ ನನ್ನತ್ತ ತಿರುಗಿಸುತ್ತಿದ್ದಳು.

ಭಾನುವಾರ ಅವನ ಹಿತ್ತಲಿಗೆ ಹೋದೆ ಕ್ಯಾಮೆರಾ ಹೊತ್ತು.
ಚಮಚ ಇತ್ತು. ಕೋಳಿ ಇರಲಿಲ್ಲ.

ರಾತ್ರಿ ಪದರದ ಮೇಲೆ ಪದರ.
ಲಾಸೋ ಎಂಬ ಕುಣಿಕೆಯಲ್ಲಿ ದಾಳಿಂಬೆಯನ್ನು ಹಿಡಿದು ತಂದು
ಕಿವಿಯ ಜಾಗದಲ್ಲಿಟ್ಟೆ, ಬಾಯಿ ಬಿಟ್ಟ ಹಣ್ಣು.
ಗೂಡಿನ ಹಲಗೆ ಕೆನ್ನೆಯಾಯಿತು, ಗಂಟು ಸಮೇತ.
ಕಣ್ಣಿಗೆ ಚಮಚ, ಅದರ ಹೊಟ್ಟೆಯಲ್ಲಿ ತಲೆಕೆಳಗಾದ ಆಕಾಶ,
ಮೂಲೆಯಲ್ಲಿ ಕ್ಯಾಮೆರಾ ಹಿಡಿದ ನಾನು, ಸಾಸಿವೆಯಷ್ಟು.
ಅಳಿಸೋಣವೆಂದು ನೋಡಿದೆ. ಬಿಟ್ಟೆ.
ಬೈತಲೆಯಿಂದ ಎರಡು ತಂತಿ ಹೊರಟು
ಚೌಕಟ್ಟು ದಾಟಿ ಎಲ್ಲಿಗೋ ಹೋದವು.

ಬೆಳಕೊಂದು ಜಗ್ಗಲಿಲ್ಲ.
ಅವಳ ಅರ್ಧಕ್ಕೆ ಸಂಜೆ ನಾಲ್ಕರ ಬಿಸಿಲು, ನಾನು ತಂದದ್ದಕ್ಕೆ ಬೆಳಗಿನ ಮಂಜು.
ಹಣ್ಣು ಕಿವಿಯಾಗಬಹುದು, ಯಾರೂ ಕೇಳುವುದಿಲ್ಲ.
ನೆರಳು ತಪ್ಪು ದಿಕ್ಕಿಗೆ ಬಿದ್ದರೆ ಮಗು ಕೂಡ ನಂಬುವುದಿಲ್ಲ.
ಮೂರು ರಾತ್ರಿ ಬರೀ ನೆರಳು ತಿದ್ದಿದೆ.

ಮಾಸ್ಕ್ ಅಂದರೆ ಇಲ್ಲಿ ಮುಖವಾಡವಲ್ಲ,
ಅಳಿಸದೆ ಮರೆಯಲ್ಲಿಡುವ ಉಪಾಯ.
ಕಪ್ಪು ಬಳಿದರೆ ಹೋಗುತ್ತದೆ, ಬಿಳಿ ಬಳಿದರೆ ಬರುತ್ತದೆ.
ಮರೆ ಮಾಡುವುದಕ್ಕೂ ಮರೆಯುವುದಕ್ಕೂ
ನಡುವೆ ಇಷ್ಟೇ ಜಾಗ, ಒಂದು ಬ್ರಶ್ಶಿನ ಮೊನೆ.
ದುಪ್ಪಟಿಯನ್ನು ಅಲ್ಲೇ ಉಳಿಸಿದೆ.
ಅದರ ಮಡಿಕೆ ಅವಳ ಹಣೆಗೆರೆಯಾಗಿ ಕೂತಿತು.

ಕಲ್ಲು ಕೆತ್ತುವ ಬಿಚಿಕೊ ಬೈದ:
‘ಇದು ಹೆಂಗಸೋ ಹಿತ್ತಲೋ? ಇದನ್ನು ಗೋರಿಗೆ ಹೇಗೆ ಹಾಕಲಿ?’

ಮುರ್ಮಾನ್ ಏನೂ ಅನ್ನಲಿಲ್ಲ.
ತೆರೆಯ ಹತ್ತಿರ ಬಗ್ಗಿ
ದಾಳಿಂಬೆಯ ಬಳಿ ಏನೋ ಪಿಸುಗುಟ್ಟಿದ.
ಆಮೇಲೆ ನೆನಪಾಗಿ, ಕುರ್ಚಿಯನ್ನು ದರದರ ಎಳೆದುಕೊಂಡು
ಈ ಕಡೆಗೆ ಬಂದು ಮತ್ತೆ ಹೇಳಿದ.

ಹೋಗುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದ:
‘ಅರ್ಧ ತಲೆಗೆ ಅರ್ಧ ದರ ತಾನೇ?’
ಪೂರ್ತಿ ತೆಗೆದುಕೊಂಡೆ.
ಚಮಚ ಮಾತ್ರ ವಾಪಸು ಕೊಟ್ಟೆ.